ನಿಘಂಟಿನ ಬೆನ್ನು

ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮ ಅಂಟುವಿಗೆ,

ಅಪ್ಪನ ನೆನಪಿನ ಪುಸ್ತಕಕ್ಕೆಂದು ನೀನು ಬರೆದ ಹದಿನಾಲ್ಕು ಪುಟ ತಲುಪಿದವು. ಎರಡು ಸಲ ಓದಿದೆ. ನಲವತ್ತು ವರ್ಷ ಬೈಂಡಿಂಗ್ ಅಂಗಡಿ ನಡೆಸಿದ್ದು, ಜ್ವರದಲ್ಲೂ ಕೂತು ಶಾಲೆಯ ಹಾಜರಿ ಪುಸ್ತಕ ಹೊಲಿದುಕೊಟ್ಟಿದ್ದು, ನಮ್ಮಿಬ್ಬರ ಪಠ್ಯಪುಸ್ತಕಗಳ ಮೂಲೆ ಮುದುಡದಂತೆ ಬಟ್ಟೆ ಅಂಟಿಸಿದ್ದು, ಎಲ್ಲ ನಿಜ. ಕಣ್ಣು ತುಂಬಿತು. ಆದರೆ ಒಂಬತ್ತನೇ ಪುಟದಲ್ಲಿ 'ಮಕ್ಕಳಲ್ಲಿ ಭೇದ ಮಾಡಿದವರಲ್ಲ' ಎಂದು ಬರೆದಿದ್ದೀಯಲ್ಲ, ಮಹಾರಾಯ, ಅಂಗಡಿಯ ಬೋರ್ಡನ್ನು ಯಾವತ್ತಾದರೂ ತಲೆ ಎತ್ತಿ ನೋಡಿದ್ದೀಯಾ? 'ಮತ್ತು ಮಗ' ಅಂತಿದೆ. ಹತ್ತನೇ ವಯಸ್ಸಿಗೇ ದಬ್ಬಣ ಹಿಡಿದು ರಟ್ಟಿಗೆ ತೂತು ಹಾಕಿದವಳು ನಾನು. ನೀನು ಅಪ್ಪನ ಕಾಲಿಗೆ ಅಂಟಿಕೊಂಡು ಕೂರುತ್ತಿದ್ದೆ. ಅದಕ್ಕೇ ಅಲ್ಲವೇ ಅವರು ನನಗೆ ದಬ್ಬಣ, ನಿನಗೆ ಅಂಟು ಎಂದು ಅಡ್ಡಹೆಸರು ಇಟ್ಟಿದ್ದು? 'ಮಗ' ಅಳಿಸಿ 'ಮಕ್ಕಳು' ಅಂತ ಬರೆಸಿ ಎಂದೆ. "ಒಂದು ಪದಕ್ಕೋಸ್ಕರ ಪೇಂಟರನ್ನ ಮತ್ತೆ ಏಣಿ ಹತ್ತಿಸ್ಲಾ?" ಅಂದರು. ಆ ಒಂದು ಪದಕ್ಕೇ ನಾನು ಮನೆ ಬಿಟ್ಟೆ.

ಅದಿರಲಿ. ಹತ್ತನೇ ಪುಟಕ್ಕೆ ಬರುತ್ತೇನೆ. 'ಮಗಳ ಕಾಗದಕ್ಕಾಗಿ ಕೊನೆಯವರೆಗೂ ಕಾದರು, ಒಂದೂ ಬರಲಿಲ್ಲ.' ವರ್ಷಕ್ಕೊಂದರಂತೆ ಹನ್ನೆರಡು ಕಾಗದ ಬರೆದವಳು ನಾನು! ಫೋನಿನಲ್ಲಿ ನೀನೇ ಹೇಳಿದ್ದೆ: "ಅಪ್ಪ ನಿನ್ ಕಾಗದ ಮುಟ್ಟೋದೂ ಇಲ್ಲ ಕಣೇ ಅಕ್ಕ, ಮೇಜಿನ ಮೇಲೆ ಇಟ್ಟಿದ್ದು ಇಟ್ಟ ಹಾಗೇ ಇರುತ್ತೆ." ಮುಟ್ಟದ ಕಾಗದ ಈಗ ಬಾರದ ಕಾಗದ ಆಯಿತೇ? ಅಂಚೆಯವನು ಕೊಡುತ್ತಿದ್ದದ್ದು ನಿನ್ನ ಕೈಗೆ. ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂರುವವಳು. ಪುಟ ಹರಿದು ತಂದು 'ಮೊದಲೇ ಹೀಗಿತ್ತು' ಎನ್ನುವವರ ಮುಖವನ್ನು ದಿನಾ ನೋಡುತ್ತೇನೆ.

ಅದೇ ಅನುಮಾನದಲ್ಲಿ ನೀನು ಕಳಿಸಿದ ನಿಘಂಟನ್ನು ಕೈಗೆತ್ತಿಕೊಂಡೆ. ನನ್ನ ಶಾಲೆಯ ನಿಘಂಟು. ಅಪ್ಪ ಕೊನೆಯದಾಗಿ ಬೈಂಡ್ ಮಾಡಿ, 'ದಬ್ಬಣಕ್ಕೆ' ಎಂದು ಚೀಟಿ ಅಂಟಿಸಿಟ್ಟಿದ್ದು. ಬೆನ್ನು ಒತ್ತಿ ನೋಡಿದೆ. ದಪ್ಪ. ಬೆನ್ನು ಗಟ್ಟಿಯಾಗಲೆಂದು ಬಟ್ಟೆಯ ಒಳಗೆ ಹಾಕುವ ರದ್ದಿ ಕಾಗದ, ಎರಡು ಪದರಕ್ಕಿಂತ ಹೆಚ್ಚು ಹಾಕುವವರಲ್ಲ ಅಪ್ಪ. ನೀನೇ ಏನೋ ಬಚ್ಚಿಟ್ಟಿದ್ದೀಯ ಎಂದುಕೊಂಡು ಬ್ಲೇಡು ಹಾಕಿದೆ.

ಒಳಗೆ ನನ್ನದೇ ಅಕ್ಷರ. ಉದ್ದುದ್ದಕ್ಕೆ ಮಡಚಿದ ನನ್ನ ಕಾಗದಗಳು, ಒಂದರ ಮೇಲೊಂದು. ಒಂದೊಂದರ ಮೂಲೆಯಲ್ಲೂ ಕೆಂಪು ಪೆನ್ಸಿಲಿನ ಗೀಟು. "ಓದದ ಕಾಗದ ಬೆನ್ನಿಗೆ ಹೋಗ್ಕೂಡದು, ಯಾರ ಬದುಕು ಇರುತ್ತೋ ಏನೋ" ಎಂದು ರದ್ದಿಯನ್ನೂ ಓದಿ ಗೀಟು ಹಾಕುತ್ತಿದ್ದರಲ್ಲ, ಅದೇ ಗೀಟು.

ಎಣಿಸಿದೆ. ಹನ್ನೊಂದು. ಅಂದರೆ ಅಷ್ಟನ್ನೂ ನೀನು ಕೊಟ್ಟಿದ್ದೀಯ. ನಿನ್ನೆದುರು ಮುಟ್ಟದವರು ನೀನು ಎದ್ದು ಹೋದ ಮೇಲೆ ಓದಿದ್ದಾರೆ. ಅಷ್ಟರ ಮಟ್ಟಿಗೆ ನನ್ನದು ತಪ್ಪು. ಆದರೆ ಹನ್ನೆರಡನೆಯದು ಎಲ್ಲಿ? ಕಳೆದ ವರ್ಷದ್ದು. ಒಂದೇ ಸಾಲು: 'ಅಪ್ಪ, ಬರಲಾ?' ಅದನ್ನು ಅವರ ಮೇಜಿನ ಮೇಲೆ ಇಟ್ಟೆಯಾ, ಇಲ್ಲವಾ? ನಾನು ಬಂದರೆ ಬೋರ್ಡು ಬದಲಾದೀತು ಎಂಬ ಹೆದರಿಕೆಯಿತ್ತಾ? ಉತ್ತರ ಕೊಡುವವರೆಗೆ ಪುಸ್ತಕ ಅಚ್ಚಿಗೆ ಹೋಗಕೂಡದು.

ನಿನ್ನ ಅಕ್ಕ,
ದಬ್ಬಣ

ತಾ.ಕ.: ಇಷ್ಟು ಬರೆದ ಮೇಲೆ ಇದನ್ನು ಹೇಳದೆ ಇರಲಾರೆ. ಹನ್ನೆರಡನೆಯ ಕಾಗದ ಹಾಕಿದ ಎರಡು ವಾರಕ್ಕೆ ನನಗೊಂದು ಲಕೋಟೆ ಬಂತು. ವಿಳಾಸ ಅಪ್ಪನ ಅಕ್ಷರದಲ್ಲಿತ್ತು. ಅಂದರೆ ನನ್ನ ಆ ಕಾಗದವನ್ನೂ ನೀನು ಅವರಿಗೆ ಕೊಟ್ಟಿದ್ದೆ. ಗೊತ್ತಿದ್ದೂ ಮೇಲೆ ಹಾಗೆ ಬರೆದೆ. ಒಳಗೆ 'ಬರಬೇಡ' ಅಂತಿದ್ದರೆ ಎಂದು ಒಡೆಯಲಿಲ್ಲ. ಮುಂದಿನ ತಿಂಗಳು ಅವರೇ ಹೋದರು. ಆಮೇಲೆ 'ಬಾ' ಅಂತಿದ್ದರೆ ಎಂದು ಒಡೆಯಲಿಲ್ಲ. ಅಪ್ಪ ನನಗೆ ಒಂದು ಸಾಲೂ ಬರೆಯಲಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಕಾಗದವೇ ಬರಲಿಲ್ಲ ಎಂಬ ಸುಳ್ಳು ನಿನ್ನೊಬ್ಬನದಲ್ಲ. ಲಕೋಟೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ನೀನೇ ಒಡೆದು ಓದು. ಏನೇ ಇರಲಿ, ಮೂಲೆಯಲ್ಲಿ ಕೆಂಪು ಗೀಟು ಎಳೆದು ವಾಪಸ್ ಕಳಿಸು. ನಿಘಂಟಿನ ಬೆನ್ನನ್ನು ಇನ್ನೂ ಮುಚ್ಚಿಲ್ಲ.