ಹೆಬ್ಬೆಟ್ಟಿನ ಹಾಳೆ

ಬಳ್ಳಾರಿ
10 ಸೆಪ್ಟೆಂಬರ್ 1952

ಪ್ರೀತಿಯ ಹುಲುಗಮ್ಮನಿಗೆ, ನಿನ್ನ ಹಳೆಯ ಹೆಡ್‌ಮಿಸ್ಟ್ರೆಸ್ ಮಾಡುವ ಶರಣು.

ನಿನ್ನ ಅಳಿಯ ಪಾಲಯ್ಯನೇ ಇದನ್ನು ಓದಿ ಹೇಳುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮದರಾಸು ಸರ್ಕಾರ ನಿನ್ನ ಪಿಂಚಣಿಯಲ್ಲಿ ಮೂರರಲ್ಲೊಂದು ಪಾಲು ಕಡಿತ ಮಾಡಿತೆಂದು ಅವನು ಬಂದು ತಿಳಿಸಿದ. ನನ್ನದು ಪೂರ್ತಿ ಬಂದಿದೆ. ನೀನು ಹೇಳಿಕಳಿಸಿದ ಮಾತನ್ನೂ ಮುಟ್ಟಿಸಿದ: “ಅಮ್ಮಾರ್ದೇನೂ ತಪ್ಪಿಲ್ಲ. ನನ್ನ ಹೆಬ್ಬಟ್ಟ ಸವದೈತಿ, ಮದ್ರಾಸಿನವ್ರಿಗೆ ಕಂಡಿಲ್ಲೇನೋ.” ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಪಿಂಚಣಿ ಯಾರೋ ಹಾಕುವ ಭಿಕ್ಷೆಯಲ್ಲ. ಮೂವತ್ತೊಂದನೇ ಇಸವಿಯಲ್ಲಿ ಸಂಬಳ ಕತ್ತರಿಸಿದಾಗ, ಮುಪ್ಪಿಗೆ ಪಿಂಚಣಿ ಇದೆಯಲ್ಲ ಎಂದು ನಮ್ಮ ಬಾಯಿ ಮುಚ್ಚಿಸಿದ್ದರು. ಈಗ ಅದಕ್ಕೂ ಕತ್ತರಿ. ನಮ್ಮ ಹೆಣ್ಣುಮಕ್ಕಳ ಶಾಲೆಯ ಆಯಾ ಆಗಿದ್ದ ನೀನು ಬೆಳಗಾದರೆ ಸಿರುಗುಪ್ಪದ ಓಣಿ ಓಣಿ ತಿರುಗುತ್ತಿದ್ದೆ. “ಹುಡುಗೀನ ಕಳಸ್ರಿ, ನಾನೇ ಕೈ ಹಿಡಕೊಂಡ್ ಹೋಗ್ತೀನಿ” ಎಂದು ಮುಚ್ಚಿದ ಬಾಗಿಲುಗಳ ಮುಂದೆ ನಿಂತು ಬೈಸಿಕೊಳ್ಳುತ್ತಿದ್ದೆ. ನೀನು ಕರೆತರದಿದ್ದರೆ ನಾನು ಬರೀ ಬೆಂಚುಗಳಿಗೆ ಪಾಠ ಹೇಳಬೇಕಾಗುತ್ತಿತ್ತು.

ಇದನ್ನೆಲ್ಲ ಮನವಿಯಲ್ಲಿ ಬರೆದೆ. ಇಪ್ಪತ್ತಾರು ಮಂದಿ ಸಹಿ ಮಾಡಿದರು. ಸಹಿ ಬಾರದ ಒಂಬತ್ತು ಮಂದಿ ಬೇರೆ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿದಿರಿ. ಕುರುಗೋಡು ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಸುಂಕಣ್ಣ ನಿನ್ನನ್ನು ಕಾಡಿಸಿದ್ದು ನೆನಪಿದೆಯೇ? “ಏ ಹುಲಿಗಿ, ಅಷ್ಟ್ ಜೋರ್ ಒತ್ತಬ್ಯಾಡ, ಮದ್ರಾಸಿಗೆ ತೂತ್ ಬಿದ್ದೀತು.”

ಆ ಹಾಳೆ ಮದರಾಸಿಗೆ ಹೋಗಲೇ ಇಲ್ಲ. ಮಸಿ ಅಲ್ಲಲ್ಲಿ ಹರಡಿತ್ತು. ಓದುಬಾರದವರ ಗುಂಪೆಂದು ಮನವಿಯನ್ನೇ ಬದಿಗಿಟ್ಟಾರು, ಸಹಿಗಳಷ್ಟೇ ಹೋಗಲಿ ಎಂದು ನಾವು ತೀರ್ಮಾನಿಸಿದೆವು. ಕಡಿತ ರದ್ದಾದರೆ ಎಲ್ಲರಿಗೂ ಆಗುತ್ತದಲ್ಲ ಎಂದುಕೊಂಡೆವು. ಆದೇಶ ಬಂದದ್ದು ಸಹಿ ಮಾಡಿದವರ ಮಟ್ಟಿಗೆ ಮಾತ್ರ. ತಕರಾರು ಹೇಳದ ಉಳಿದವರು ಕಡಿತಕ್ಕೆ ಒಪ್ಪಿದ್ದಾರಂತೆ. ಗೆದ್ದದ್ದು ನಿನ್ನ ಕಥೆ ಹೇಳಿ, ಸೋತವಳು ನೀನು.

ನಿನ್ನ ಹೆಬ್ಬೆಟ್ಟು ಸವೆದಿಲ್ಲ, ಹುಲುಗಮ್ಮ. ಹಾಳೆ ನನ್ನ ಟ್ರಂಕಿನಲ್ಲಿದೆ. ನಿನ್ನ ಬೆರಳಿನ ಒಂದೊಂದು ಗೆರೆಯೂ ಕಾಣುತ್ತದೆ.

ಹೊಸ ಮನವಿ ಬರೆದಿದ್ದೇನೆ. ತಿಂಗಳ ಕೊನೆಯೊಳಗೆ ಮುಟ್ಟಬೇಕು. ಈ ಸಲ ನಿಮ್ಮ ಹಾಳೆ ಎಲ್ಲಕ್ಕಿಂತ ಮೇಲೆ, ನನ್ನ ಸಹಿ ಕಟ್ಟಕಡೆಗೆ. ಸೋಮವಾರ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತಿರುತ್ತೇನೆ.

ನಿನ್ನ ಮುಖ ನೋಡಲು ಅಂಜುವ,
ಕೊಟ್ರಬಸಮ್ಮ

ತಾ.ಕ.: ಮೇಲೆ ‘ನಾವು ತೀರ್ಮಾನಿಸಿದೆವು’ ಎಂದು ಬರೆದಿದ್ದೇನೆ. ಅದು ಸುಳ್ಳು. ಸಹಿ ಕೂಡಿಸಲು ಜೊತೆಗಿದ್ದ ಉಜ್ಜಿನಪ್ಪ ಮೇಷ್ಟ್ರು, “ಅವ್ರಿಗೂ ಹೊಟ್ಟಿ ಐತ್ರಿ ಅಮ್ಮಾರೆ, ಆ ಹಾಳಿನೂ ಜೋಡಿ ಹೋಗ್ಲಿ ಬಿಡ್ರಿ” ಎಂದು ನನ್ನೊಡನೆ ಜಗಳವಾಡಿದ್ದರು. ಅವರು ಮನೆಗೆ ಹೋದ ಮೇಲೆ ಲಕೋಟೆಯಿಂದ ಅದನ್ನು ಹೊರತೆಗೆದವಳು ನಾನೊಬ್ಬಳೇ. ಪಾಲಯ್ಯ, ಅತ್ತೆಗೆ ನೋವಾದೀತೆಂದು ಇದನ್ನು ಬಿಟ್ಟು ಓದಬೇಡಪ್ಪ.