ಒಂದು ಹಿಡಿ ಹುಚ್ಚೆಳ್ಳು

ಮಧುಗಿರಿ
೧೨-೧೧-೧೯೫೭, ಮಂಗಳವಾರ

ಹೆತ್ತವಳಿಗಿಂತ ಹೆಚ್ಚಾಗಿ ನನ್ನನ್ನು ಕಾಪಾಡಿದ ಅತ್ತೆಯವರ ಪಾದಕ್ಕೆ ಹಣೆ ಹಚ್ಚಿ ನಿಮ್ಮ ಸೊಸೆ ಬರೆಯುವುದೇನೆಂದರೆ,

ನಾನು ಬದುಕಿದ್ದೇನೆ. ನಾಲ್ಕು ವರ್ಷದ ಮೇಲೆ ಬರೆಯುತ್ತಿರುವ ಮೊದಲ ಕಾಗದವಿದು. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. ಚಾಂದ್ ಬಿ ಬಳೆ ಮಾರಲು ನಮ್ಮೂರಿಗೆ ಬಂದಾಗ ಬಳೆಗಳ ನಡುವೆ ಅಡಗಿಸಿ ತರುತ್ತಾಳೆ. ನಿಮ್ಮ ಮಗ ಹೊಲಕ್ಕೆ ಹೋದ ಮೇಲೆ ಹಿತ್ತಿಲಲ್ಲಿ ಕುಳಿತು ಓದಿಸಿಕೊಳ್ಳಿ, ಓದಿದ ಕೂಡಲೇ ಒಲೆಗೆ ಹಾಕಿ. ಕಾಗದ ಓದಿಸಲು ಈಗ ನೀವು ಮೇಷ್ಟರ ಮನೆಗೆ ಹೋಗಬೇಕಾಗಿಲ್ಲವಂತೆ, ಮನೆಯಲ್ಲೇ ಓದುವವರಿದ್ದಾರಂತೆ. ಅದನ್ನು ಕೇಳಿದ ಮೇಲೆಯೇ ಬರೆಯಲು ಕುಳಿತೆ.

ಓದುವ ಆ ಬಾಯಿಗೆ ಬೇಡವೆಂದು ಬಾವಿಕಟ್ಟೆಯ ಹತ್ತಿರ ನಡೆದದ್ದನ್ನು ಬರೆಯುವುದಿಲ್ಲ. ನೀವು ಕಣ್ಣಾರೆ ಕಂಡವರು. ಮಾರನೆಯ ದಿನ ನಿಮ್ಮ ಮಗ ಪಾವಗಡದ ಸಂತೆಗೆ ಹೋದಾಗ ಹಿತ್ತಿಲ ಬಾಗಿಲು ತೆಗೆದು, "ಓಗಮ್ಮ, ಕೂಸ್ನ ನಾನು ನೋಡ್ಕಂತೀನಿ, ಮೊದ್ಲು ನಿನ್ನ ಜೀವ ಉಳಿಸ್ಕ" ಎಂದವರೂ ನೀವೇ.

ಚಾಂದ್ ಬಿ ಸಿರಾದ ತನ್ನ ಮನೆಯಲ್ಲಿ ನನ್ನನ್ನು ಬಹಳ ಕಾಲ ಬಚ್ಚಿಟ್ಟುಕೊಂಡಿದ್ದಳು. ಈಗ ಮಧುಗಿರಿ ಬಸ್ ನಿಲ್ದಾಣದ ಎದುರಿಗಿರುವ ಪರ್ವತಯ್ಯನವರ ಹೋಟೆಲಿನಲ್ಲಿ ಅಡಿಗೆಗಿದ್ದೇನೆ. ಕೊರಟಗೆರೆ ಕಡೆಯವಳು, ಗಂಡ ತೀರಿಕೊಂಡಿದ್ದಾನೆ ಎಂದು ಹೇಳಿಕೊಂಡಿದ್ದೇನೆ. ಹೆತ್ತ ಮಗನ ವಿಷಯದಲ್ಲಿ ಇಂಥ ಮಾತು ಕೇಳಿ ನಿಮಗೆ ನೋವಾಗುತ್ತದೆ, ಗೊತ್ತು. ಬಳೆಗಾರ್ತಿಯ ಮನೆಯಲ್ಲಿದ್ದುಕೊಂಡೇ ಕೈ ಬರಿದು ಮಾಡಿಕೊಂಡೆ.

ಇಷ್ಟು ದಿನ ಹೋಟೆಲಿನಲ್ಲಿ ಬರೀ ಇಡ್ಲಿ, ಕಾಫಿ. ಬರುವ ಸೋಮವಾರದಿಂದ ಮಧ್ಯಾಹ್ನದ ಊಟವೂ ಶುರುವಾಗುತ್ತದೆ. ಐದೇ ಪದಾರ್ಥ ಇರಲಿ, ಮನೆ ಬಿಟ್ಟು ಬಂದವನಿಗೆ ಮನೆಯಲ್ಲೇ ಉಂಡಂತಾಗಬೇಕು, ನೀನೇ ಆರಿಸಿ ಬಾಗಿಲ ಕರಿಹಲಗೆಯ ಮೇಲೆ ಬರಿ ಎಂದು ಪರ್ವತಯ್ಯನವರು ನನಗೇ ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಎಂದೆನಲ್ಲ, ಪೂರಿಗಾಗಿ ಮೂರು ದಿನ ಮುಖ ಊದಿಸಿಕೊಂಡಿದ್ದರು. ಕೋರ್ಟಿನಲ್ಲಿ ಸೋತು ಬಂದವನ ಗಂಟಲಲ್ಲಿ ಪೂರಿ ಇಳಿಯುತ್ತದೆಯೇ ಎಂದು ಕೇಳಿದ ಮೇಲೆ ಪೂರಿಯ ಹಟ ಬಿಟ್ಟರು. ಮುದ್ದೆ ಕಟ್ಟಿದ ರಾಗಿ ಹಿಟ್ಟು, ಅದಕ್ಕೆ ಬೆರಕೆ ಸೊಪ್ಪಿನ ಸಾರು. ಆಸ್ಪತ್ರೆಯಿಂದ ಬಂದವರಿಗೆ ಮೆತ್ತಗಿನ ಅನ್ನ, ಮೆಣಸಿನ ತಿಳಿಸಾರು. ಇಷ್ಟಕ್ಕೆ ನಾಲ್ಕಾಯಿತು. ಐದನೆಯದಕ್ಕೆ ಬಂದು ನಿಂತಿದ್ದೇನೆ.

ಐದನೆಯದು ನಿಮ್ಮ ಕರಿ ಬಸ್ಸಾರು. ಹುರುಳಿಕಾಳು ಬೇಯಿಸಿ ಬಸಿದ ಕಟ್ಟಿನ ನೀರಿಗೆ ಹುಚ್ಚೆಳ್ಳು ಹುರಿದು ಅರೆದು ಹಾಕುವುದನ್ನು ನಿಮ್ಮ ಒಲೆಯ ಮುಂದೆ ಬಿಟ್ಟರೆ ನಾನು ಇನ್ನೆಲ್ಲೂ ನೋಡಿಲ್ಲ. ಹೋದ ತಿಂಗಳು ಒಂದು ದಿನ ಏನೋ ಯೋಚನೆಯಲ್ಲಿದ್ದೆ, ಕೈ ತಾನಾಗಿ ಅದನ್ನೇ ಮಾಡಿಬಿಟ್ಟಿತು. ಕೆಲಸದವರಿಗೆಂದು ಮಾಡಿದ್ದನ್ನು ಪರ್ವತಯ್ಯನವರು ಯಾರಿಗೋ ಬಡಿಸಿದರು. ಉಂಡವರು ನಮ್ಮೂರಿನ ಹುಣಿಸೆಹಣ್ಣಿನ ವ್ಯಾಪಾರಿ ಶಂಕರಲಿಂಗಪ್ಪನವರು. "ಯಾರ್ದಯ್ಯ ಈ ಕೈ? ನಮ್ಮೂರ್ ಶಿವರುದ್ರಮ್ಮನ ಮನೆ ಬುಟ್ರೆ ಇಂಗೆ ಕರಿ ಬಸ್ಸಾರು ಮಾಡಾರು ಯಾರೂ ಇಲ್ಲ" ಎಂದು ನಿಮ್ಮ ಹೆಸರು ಹೇಳಿದ್ದು ಒಳಗೆ ಕೇಳಿಸಿತು. ಹಿಟ್ಟಿನ ಕೋಲು ಹಿಡಿದೇ ಸೌದೆ ರಾಶಿಯ ಹಿಂದೆ ಕುಳಿತುಬಿಟ್ಟೆ. ಅಡಿಗೆಯವಳನ್ನು ಕರೆಯಿರಿ, ನೋಡಿ ಹೋಗುತ್ತೇನೆ ಎಂದರಂತೆ. ಅಷ್ಟರಲ್ಲಿ ಬಸ್ಸು ಹಾರನ್ ಮಾಡಿತು, ಎದ್ದು ಓಡಿದರು. ಅಂದು ಒಲೆಯ ಮೇಲಿದ್ದ ಹಿಟ್ಟು ತಳ ಹಿಡಿದು ಊಟ ಸಾಲದೆ ಬೈಸಿಕೊಂಡೆ.

ಅಂದಿನಿಂದ ಪಾವಗಡದ ಬಸ್ಸು ಬಂದು ನಿಂತರೆ ಅಡಿಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತೇನೆ. ಹೊರಗೆ ಯಾರಾದರೂ ಗಂಡಸು ದನಿ ಎತ್ತಿದರೆ ಕಿಟಕಿಯಿಂದ ಇಣುಕಿ ಚಪ್ಪಲಿ ನೋಡುತ್ತೇನೆ. ನಿಮ್ಮ ಮಗನ ಚಪ್ಪಲಿಯನ್ನೂ ಅದರ ಸದ್ದನ್ನೂ ನಾನು ಇನ್ನೂ ಮರೆತಿಲ್ಲ. ಶಂಕರಲಿಂಗಪ್ಪನವರು ಊರಲ್ಲಿ ಏನಾದರೂ ಅಂದಿದ್ದಾರೆಯೇ, ಅದು ನಿಮ್ಮ ಮಗನ ಕಿವಿಗೆ ಬಿದ್ದಿದೆಯೇ, ಚಾಂದ್ ಬಿಗೆ ಹೇಳಿ ಕಳಿಸಿ. ಅವರಿಗೆ ತಿಳಿದಿದ್ದರೆ ಈ ಊರನ್ನೂ ಬಿಡಬೇಕಾಗುತ್ತದೆ.

ಇಷ್ಟು ಹೆದರುವವಳು ಆ ಸಾರನ್ನು ಮರೆತುಬಿಡಬಾರದೇ ಎಂದು ನೀವು ಕೇಳಬಹುದು. ಮರೆತೇಬಿಡಬೇಕೆಂದಿದ್ದೆ. ಆದರೆ ಇದೇ ಬರುವ ಕಡೆಯ ಕಾರ್ತಿಕ ಸೋಮವಾರ ನೀವು ಕೂಸನ್ನು ಕರೆದುಕೊಂಡು ಸಿದ್ದರಬೆಟ್ಟಕ್ಕೆ ಹೊರಟಿದ್ದೀರೆಂದು ಚಾಂದ್ ಬಿ ಹೇಳಿದಳು. ಆ ಬಸ್ಸು ಊಟಕ್ಕೆ ಇಲ್ಲೇ ನಿಲ್ಲುತ್ತದೆ, ಅತ್ತೆ. ನನ್ನ ಮಗಳು ನನ್ನ ಒಲೆಯಿಂದ ಹತ್ತು ಮಾರು ದೂರದಲ್ಲಿ ಇಳಿಯುತ್ತಾಳೆ. ಅಂದು ಅವಳು ಬೇರೆ ಯಾರೋ ಮಾಡಿದ್ದನ್ನು ಉಂಡು ಬಸ್ಸು ಹತ್ತುವುದನ್ನು ನಾನು ನೋಡಲಾರೆ.

ಅವರೂ ಜೊತೆಗೆ ಹೊರಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ನೀವಿಬ್ಬರೇ ಬರುವುದಾದರೆ ಚಾಂದ್ ಬಿಯ ಕೈಯಲ್ಲಿ ಒಂದು ಹಿಡಿ ಹುಚ್ಚೆಳ್ಳು ಕಳಿಸಿ. ಭಾನುವಾರದೊಳಗೆ ಅದು ಬಂದರೆ ಹಲಗೆಯ ಮೇಲೆ ಐದನೆಯದಾಗಿ ಕರಿ ಬಸ್ಸಾರು ಎಂದು ಬರೆಯುತ್ತೇನೆ. ಬರದಿದ್ದರೆ ಮಜ್ಜಿಗೆ ಹುಳಿ ಎಂದು ಬರೆದು, ಬಸ್ಸು ಹೋಗುವವರೆಗೆ ಸೌದೆಯ ಕೋಣೆಯಲ್ಲಿರುತ್ತೇನೆ. ಕಳಿಸಿದ ಮೇಲೆ ಅವರೂ ಹೊರಟುಬಿಟ್ಟರೆ ದಯವಿಟ್ಟು ನಿಮ್ಮ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡೇ ಬಸ್ಸಿನಿಂದ ಇಳಿಯಿರಿ. ನಾನು ಕಿಟಕಿಯಲ್ಲಿ ನೋಡಿಕೊಂಡು ಕೆಲಸದವರಿಂದ ಹಲಗೆ ಒರೆಸಿಸಿಬಿಡುತ್ತೇನೆ.

ನಿಮ್ಮ ಮಂಡಿನೋವು ಹೇಗಿದೆ? ಬೆಟ್ಟವನ್ನು ಪೂರ್ತಿ ಹತ್ತಲು ಹೋಗಬೇಡಿ. ಈ ಕಾಗದ ಯಾರ ಕೈಗಾದರೂ ಸಿಕ್ಕೀತೆಂಬ ಹೆದರಿಕೆಗೆ ಹೆಸರು ಬರೆಯುತ್ತಿಲ್ಲ.

ಇಂತಿ,
ನಿಮ್ಮ ಸೊಸೆ

ತಾ.ಕ. ಇನ್ನು ಮುಂದಿನದು ಅತ್ತೆಯವರಿಗಲ್ಲ. ಇಂದ್ರಿ, ಇದನ್ನು ಓದುತ್ತಿರುವವಳು ನೀನೇ ಎಂದು ನನಗೆ ಗೊತ್ತು. ಒತ್ತಕ್ಷರ ಬಂದ ಕಡೆ ನಿಧಾನವಾಗಿ ಓದು. ನಿನಗೆ ಹೇಳಿರುವಂತೆ ನಾನು ಸತ್ತಿಲ್ಲ. ನಾನು ಮನೆ ಬಿಟ್ಟ ದಿನ ನೀನು ಪಕ್ಕದ ಮನೆಯಲ್ಲಿ ಆಡುತ್ತಿದ್ದೆ. ಬಂದು ನಿನ್ನ ಮುಖ ನೋಡಿದ್ದರೆ ಹೋಗುತ್ತಿರಲಿಲ್ಲ, ಅದಕ್ಕೇ ಬರಲಿಲ್ಲ. ಒಂಬತ್ತು ವರ್ಷದವಳಿಗೆ ಇಷ್ಟು ದೊಡ್ಡ ಗುಟ್ಟು ಹೊರಿಸುತ್ತಿದ್ದೇನೆ, ಅದಕ್ಕೂ ಹೆದರಿಕೆಯಾಗುತ್ತಿದೆ. ಅಪ್ಪನಿಗೆ ಹೇಳಬೇಡ. ಸೋಮವಾರ ಬಸ್ಸಿಳಿದು ಅವ್ವ ಎಂದು ಕೂಗಬೇಡ, ಗುರುತಿನವರು ಇರಬಹುದು. ಹೋಟೆಲಿನ ಬಾಗಿಲಲ್ಲಿ ನಿಂತು ಹಲಗೆ ಓದು. ಮೊದಲಿನ ನಾಲ್ಕನ್ನು ಹೇಗೆ ಬೇಕಾದರೂ ಓದಿಕೊ, ಐದನೆಯದನ್ನು ಮಾತ್ರ ಗಟ್ಟಿಯಾಗಿ ಓದು. ನಿನ್ನ ದನಿ ಈಗ ಹೇಗಾಗಿದೆಯೋ ನನಗೆ ತಿಳಿಯದು. ಆ ಹೆಸರು ಕೇಳಿಸಿದರೆ ನೀನೇ ಎಂದುಕೊಂಡು ಹೊರಗೆ ಬರುತ್ತೇನೆ.

ನಿನ್ನ ಅವ್ವ
ಸರೋಜ