ಗಂಟೆ ಕೇಳಿ ಎದ್ದ ಕಾವಲುಗಾರ

ಮಂಗಳವಾರ, ಮಾರ್ಚ್ 11

ನಾವು ತಯಾರಿಸುತ್ತಿರುವ ಕಂಪ್ಯೂಟರ್ ಆಟದಲ್ಲಿ ಕೋಟೆಯ ಗಂಟೆ ಬಾರಿಸಿದರೆ ಕಾವಲುಗಾರರೆಲ್ಲ ಓಡಿ ಬರಬೇಕು. ಅದಕ್ಕೆಂದು ಮೂರು ವಾರ ಕೂತು ಅಬ್ಸರ್ವರ್ ಪ್ಯಾಟರ್ನ್ ಎಂಬ ಕೋಡ್ ವಿಧಾನ ಅಳವಡಿಸಿದ್ದೆ. ಗಂಟೆಯ ಬಳಿ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಹೆಸರಿರುವವರಿಗೆಲ್ಲ ಸುದ್ದಿ ಹೋಗುತ್ತದೆ. ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯುವುದನ್ನೇ ಮರೆತಿದ್ದೆ. ಇವತ್ತು ಮಧ್ಯಾಹ್ನ ಆಡಿ ನೋಡುವಾಗ ಗಂಟೆ ಹೊಡೆದದ್ದೇ ತಡ, ಎದೆಯಲ್ಲಿ ಬಾಣ ನೆಟ್ಟಿದ್ದ ಕಾವಲುಗಾರನ ಹೆಣ ಎದ್ದು ಕೆಲಸಕ್ಕೆ ಓಡಿತು.

ಆಫೀಸಿನಲ್ಲಿ ಆಟಕ್ಕೆ ಚಿತ್ರ ಬರೆಯುವ ಅಕ್ಕ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಲೋ, ಇವನಿಗೆ ಸತ್ರೂ ರಜೆ ಇಲ್ವೇನೋ! ಇದನ್ನ ಮುಟ್ಟಬೇಡ ಕಣೋ. ಇಡೀ ಆಟದಲ್ಲಿ ಜೀವ ಇರೋದು ಇವನೊಬ್ಬನಿಗೇ."

ಕಂಪನಿಯ ಯಜಮಾನರು ನಗಲಿಲ್ಲ. "ನಾಳೆ ಹತ್ತಕ್ಕೆ ಆಟ ಕೊಳ್ಳೋರು ಬರ್ತಾರೆ. ಅವ್ರು ಬೇಡ ಅಂದ್ರೆ ಆಫೀಸಿಗೆ ಬೀಗ. ತಪ್ಪೋ ತಮಾಷೆಯೋ, ನೀವೇ ತೀರ್ಮಾನ ಮಾಡಿ."

ತಿದ್ದಲು ಒಂದೇ ಸಾಲು ಕೋಡ್ ಸಾಕು. ಸಂಜೆಯಿಂದ ಅದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದೇನೆ. ಬರೆದರೆ ಕೋಡ್ ಸರಿಯಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಬಿಟ್ಟರೆ ನನ್ನ ಮರೆವನ್ನೇ ಮಾರಾಟಕ್ಕಿಟ್ಟಂತೆ. ಮೂರು ವಾರ ಯೋಚಿಸಿ ಬರೆದದ್ದನ್ನು ಯಾರೂ ಗಮನಿಸಲಿಲ್ಲ, ಬರೆಯದೆ ಬಿಟ್ಟದ್ದಕ್ಕೆ ಎಲ್ಲರೂ ನಕ್ಕರು. ಇದರಿಂದ ನಾನು ಏನು ಕಲಿಯಬೇಕೋ ತಿಳಿಯುತ್ತಿಲ್ಲ.

ಸದ್ಯಕ್ಕೆ ಸಾಲು ಅಳಿಸಿದೆ. ಅದು ತೀರ್ಮಾನ ಅಂತೇನಲ್ಲ, ಕಣ್ಣು ಎಳೆಯುತ್ತಿದೆ, ಅಷ್ಟೇ. ಬೆಳಿಗ್ಗೆ ಬೇಗ ಹೋದರೆ ಇನ್ನೊಂದು ಸಲ ಬರೆದು ನೋಡ…